ಸಿಲ್ವಿಯೋ ಹಾಕಿದ ತೂತು

ನನ್ನ ಗಂಡ ಸಿಲ್ವಿಯೋಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಅರ್ಧ ಬಾಯಿ ಬಿದ್ದುಹೋದವು. ಉಳಿದ ಅರ್ಧ ಬಾಯಲ್ಲಿ ಉಳಿದದ್ದು ಎರಡೇ ಮಾತು. ಒಂದು ‘ಇಲ್ಲ’, ಇನ್ನೊಂದು ‘ಸೋರಲ್ಲ’. ನನ್ನ ಹೆಸರು ಹೋಯಿತು, ಮಗಳು ರೊಸೆಟ್ಟಾಳ ಹೆಸರು ಹೋಯಿತು, ಅವನಪ್ಪ ಇಟಲಿಯಿಂದ ತಂದ ಬೈಗುಳಗಳೂ ಹೋದವು. ‘ಸೋರಲ್ಲ’ ಮಾತ್ರ ಹೋಗಲಿಲ್ಲ. ಡಾಕ್ಟರಮ್ಮ ನನ್ನ ಮುಖ ನೋಡಿ ಕೇಳಿದರು, “ಏನು ಸೋರಲ್ಲ ಅಂತಿದ್ದಾರೆ ಇವರು?”

“ಗಾಡಿ,” ಎಂದೆ.

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಗಾಡಿ ಎಂದರೆ ಎಂಬತ್ತೈದನೇ ಇಸವಿಯ ಫೋರ್ ವೀಲ್ ಡ್ರೈವ್. ಹಿಂದೆ ಎರಡು ಬೆಂಚು, ಮುಂದೆ ಎರಡು ಸೀಟು, ಮೇಲೆ ಉದ್ದನೆಯ ತಗಡಿನ ಟಾಪು. ಟಲ್ಲಿ ಎಂಬ ಊರಿನ ಆಚೆ ನಮ್ಮ ಕಬ್ಬಿನ ತೋಟದಿಂದ ಪೇಟೆಗೆ ಹೋಗಬೇಕಾದರೆ ಮರ್ಡೋ ಹಳ್ಳದ ತಗ್ಗು ಸೇತುವೆ ದಾಟಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ನಮ್ಮಲ್ಲಿ ಮಳೆಗಾಲ, ಆಗ ಅದನ್ನು ದಾಟುವ ಯೋಗ್ಯತೆ ನಮ್ಮ ಮನೆಯಲ್ಲಿ ಆ ಗಾಡಿಗೆ ಮಾತ್ರ ಇದ್ದದ್ದು. ನನ್ನ ಚಿಕ್ಕ ಕಾರು ಆ ನಾಲ್ಕು ತಿಂಗಳು ಶೆಡ್ಡಿನಲ್ಲಿ ಕೋಳಿಗಳ ಜೊತೆ ಮಲಗಿರುತ್ತಿತ್ತು.

ಎಂಬತ್ತೆಂಟರಲ್ಲಿ ಸಿಲ್ವಿಯೋಗೆ ಕಾಡುಹಂದಿ ಬೇಟೆಯ ಹುಚ್ಚು ಹತ್ತಿತು. ಟಾಪಿನ ಮುಂಭಾಗದಲ್ಲಿ, ನಟ್ಟನಡುವೆ ದೊಡ್ಡ ಸ್ಪಾಟ್‌ಲೈಟು ಕೂರಿಸಬೇಕು ಎಂದು ಹಟ. ಊರಿನಲ್ಲಿ ಗಾಡಿಗಳ ಬಾಡಿ ರಿಪೇರಿ ಮಾಡುವ ಡೆಸಿ ಲಮ್ಮಿಸ್, ಪಬ್ಬಿನಲ್ಲಿ ಎಲ್ಲರೆದುರು ಹೇಳಿದ, “ಟಾಪಿಗೆ ತೂತು ಹಾಕ್ಬೇಡ ಕಣೋ. ಇವತ್ತಲ್ಲ ನಾಳೆ ಸೋರುತ್ತೆ.”

“ನೀನು ಹಾಕಿದ ತೂತು ಸೋರ್ಬಹುದು,” ಎಂದ ಸಿಲ್ವಿಯೋ. “ನಾನು ಹಾಕಿದ ತೂತು ಸೋರಲ್ಲ.”

ಇಡೀ ಪಬ್ಬು ಹೋ ಎಂದಿತು. ಅಷ್ಟೇ ನಡೆದದ್ದು. ಆ ಒಂದು ಮಾತಿಗೆ ನಾನು ಮೂವತ್ತೊಂದು ವರ್ಷ ನೆನೆದೆ.

ಮೊದಲ ಮಳೆಗಾಲದಲ್ಲೇ ನನ್ನ ಸೀಟಿನ ಮೇಲೆ ಹನಿ ಬಿತ್ತು. ನಮ್ಮಲ್ಲಿ ಡ್ರೈವರ್ ಕೂರುವುದು ಬಲಗಡೆ, ನಾನು ಎಡಗಡೆ. ಎಡ ಬಾಗಿಲ ಮೇಲೆ, ರೆಕ್ಸಿನ್ ಹೊದಿಕೆಯ ಅಂಚಿನಿಂದ ಟಪ್, ಟಪ್ ಎಂದು ಹೆಗಲ ಮೇಲೆ, ಅಲ್ಲಿಂದ ತೊಡೆಯ ಮೇಲೆ. ಜೋರು ಮಳೆಯಲ್ಲಿ ಹನಿಯಲ್ಲ, ನೂಲಿನಂಥ ಧಾರೆ. “ಸಿಲ್ವಿಯೋ, ಸೋರ್ತಾ ಇದೆ,” ಎಂದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, “ಸೋರಲ್ಲ. ಅದು ನಿನ್ನ ಉಸಿರು. ತಣ್ಣನೆ ತಗಡಿಗೆ ತಾಗಿ ನೀರಾಗುತ್ತೆ. ಬಾಯಿ ಮುಚ್ಕೊಂಡು ಕೂತ್ರೆ ತಾನೇ ನಿಲ್ಲುತ್ತೆ.”

ಇದನ್ನು ಅವನು ಪಬ್ಬಿನಲ್ಲೂ ಹೇಳಿದ. ಅಲ್ಲಿಂದ ಮುಂದೆ ಊರಿನ ಗಂಡಸರು ನನ್ನನ್ನು ಕಂಡಾಗಲೆಲ್ಲ, “ಏನ್ ನೋಲೀನ್, ಬಾಯಿ ಮುಚ್ಚಿದ್ಯಾ, ಮಳೆ ನಿಂತಿದೆ?” ಎನ್ನುವುದು ರೂಢಿಯಾಯಿತು. ನಾನೂ ಹಲ್ಲು ಕಿರಿಯುತ್ತಿದ್ದೆ. ಏನು ಮಾಡುವುದು, ನಗದಿದ್ದರೆ ಬಿಗುಮಾನದ ಹೆಂಗಸು ಎನ್ನುತ್ತಾರೆ.

ಹಳೇ ಗಾಡಿ ಇರುವ ಪ್ರತಿ ಮನೆಯಲ್ಲೂ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಪೈಪಿನ ಭಾನುವಾರ. ಗಂಡಸು ಹೊರಗೆ ನಿಂತು ಟಾಪಿನ ಮೇಲೆ ಪೈಪಿನಲ್ಲಿ ನೀರು ಬಿಡುತ್ತಾನೆ. ಹೆಂಗಸು ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂತು, ಹನಿ ಬಿದ್ದಲ್ಲಿ ಬೆರಳಿನಿಂದ ತಟ್ಟುತ್ತಾಳೆ. ಅವನು ಹೊರಗಿನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳುತ್ತಾನೆ. ಪಕ್ಕದ ತೋಟದವರಲ್ಲಿ ತಟ್ಟುವುದಕ್ಕೂ ಗುರುತು ಹಾಕುವುದಕ್ಕೂ ಜಗಳವಾಗಿ ನಗುವಾಗಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ನಮ್ಮಲ್ಲಿ ನಾನು ತಟ್ಟುತ್ತಿದ್ದೆ, ಸಿಲ್ವಿಯೋ ಹೊರಗಿನಿಂದ ಆ ಜಾಗ ಸವರಿ ನೋಡುತ್ತಿದ್ದ. “ಇಲ್ಲಿ ತೂತೇ ಇಲ್ವಲ್ಲೇ. ತೂತಿಲ್ಲದ ಕಡೆ ನೀರು ಹೆಂಗೆ ಬರುತ್ತೆ? ನೀನೇ ಉಗುಳಿದ್ದೀಯ.” ಅವನು ಹೇಳುತ್ತಿದ್ದುದು ನಿಜವೇ. ನನ್ನ ತಲೆಯ ಮೇಲೆ ತೂತಿರಲಿಲ್ಲ. ಹಾಗಾಗಿ ವರ್ಷಗಟ್ಟಲೆ ನನಗೇ ನನ್ನ ಮೇಲೆ ಅನುಮಾನ. ಮೂಗಿನಲ್ಲಿ ಉಸಿರಾಡಿ ನೋಡಿದ್ದೇನೆ. ಕರವಸ್ತ್ರ ಬಾಯಿಗೆ ಕಟ್ಟಿಕೊಂಡು ನೋಡಿದ್ದೇನೆ. ಹುಚ್ಚಿ!

ತನ್ನ ಮಾತು ಗೆದ್ದಿತು ಎಂದು ತೋರಿಸಲು ಅವನು ಸುರಿವ ಮಳೆಯಲ್ಲಿ ಡೆಸಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಊರು ಸುತ್ತಿಸಿದ್ದ. ಡೆಸಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ. ಸಿಲ್ವಿಯೋ ಆಗ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಎಡಗಡೆ ಸೀಟಿನಲ್ಲಿ ನನ್ನನ್ನು ಬಿಟ್ಟು ಯಾರನ್ನೂ ಅವನು ಕೂರಿಸುತ್ತಿರಲಿಲ್ಲ. “ಅದು ನೋಲೀನ್ ಸೀಟು,” ಎನ್ನುತ್ತಿದ್ದ, ನನ್ನನ್ನೂ ಹಿಂದಿನ ಬೆಂಚಿಗೆ ಹೋಗಲು ಬಿಡುತ್ತಿರಲಿಲ್ಲ. ಊರಿನ ಹೆಂಗಸರಿಗೆ ಹೊಟ್ಟೆಕಿಚ್ಚು, ಎಂಥಾ ಪ್ರೀತಿ ನೋಡು ಗಂಡನಿಗೆ ಎಂದು.

ಗಾಡಿಯ ರಿಪೇರಿಗೆ ಇನ್ನೊಬ್ಬರು ಕೈ ಹಾಕುವ ಹಾಗಿರಲಿಲ್ಲ. ಎಣ್ಣೆ ಬದಲಿಸುವುದರಿಂದ ಹಿಡಿದು ಎಲ್ಲವೂ ಅವನದೇ ಕೈ. ಲಕ್ವ ಹೊಡೆದ ಮೇಲೆ, ಮಂಗಳವಾರ ಶುಕ್ರವಾರ ಐವತ್ತು ಕಿಲೋಮೀಟರ್ ದೂರದ ಆಸ್ಪತ್ರೆಗೆ ಅವನನ್ನು ಕರೆತರಬೇಕು, ಮಾತು ಕಲಿಸುತ್ತಾರೆ, ಕೈಕಾಲು ಆಡಿಸುತ್ತಾರೆ ಎಂದರು. ನುಂಗುವುದು ಸರಿಯಾಗಿಲ್ಲ, ಎದೆಯಲ್ಲಿ ಕಫ ಕಟ್ಟುತ್ತಿದೆ, “ಇವರನ್ನ ಬೆಚ್ಚಗೆ, ಒಣಗಿದ ಹಾಗೆ ಇಟ್ಕೊಳ್ಳಿ. ಎದೆಗೆ ಏನಾದ್ರೂ ಆದ್ರೆ ಈ ಸ್ಥಿತೀಲಿ ತಡ್ಕೊಳ್ಳಲ್ಲ,” ಎಂದರು ಡಾಕ್ಟರಮ್ಮ. ಜನವರಿ ಬಂದಿತ್ತು. ಇನ್ನು ಗಾಡಿ ಓಡಿಸುವವಳು ನಾನು. ಎಡಗಡೆ ಕೂರುವವನು ಅವನು.

ಆಣೆ ಮಾಡಿ ಹೇಳುತ್ತೇನೆ, ಆಗ ನನ್ನ ಮನಸ್ಸಿನಲ್ಲಿ ಯಾವ ವಿಷವೂ ಇರಲಿಲ್ಲ. ನಾನೇ ಡೆಸಿಗೆ ಫೋನ್ ಮಾಡಿದೆ. “ಬಂದು ಟಾಪು ನೋಡು ಮಾರಾಯ. ಇವನು ನೆನೆದರೆ ಸಾಯ್ತಾನಂತೆ.”

ಡೆಸಿ ಬಂದ. ಎಪ್ಪತ್ತು ದಾಟಿದ್ದರೂ ಕೈ ನಡುಗದ ಮನುಷ್ಯ. ಅವನು ಸಲಕರಣೆಯ ಪೆಟ್ಟಿಗೆ ಇಳಿಸಿದ್ದನ್ನು ನೋಡಿ, ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಸಿಲ್ವಿಯೋ ಎಡಗೈಯಿಂದ ಕುರ್ಚಿಯನ್ನು ಬಡಿಯತೊಡಗಿದ. “ಇಲ್ಲ! ಇಲ್ಲ! ಸೋರಲ್ಲ!”

“ಸೋರಲ್ಲ ಮಾರಾಯ, ಗೊತ್ತು,” ಎಂದ ಡೆಸಿ. “ಸುಮ್ನೆ ಒಂದ್ಸಲ ನೋಡಿ ಹೋಗ್ತೀನಿ.”

ಪೈಪು ನನ್ನ ಕೈಗೆ ಬಂತು. ಡೆಸಿ ಒಳಗೆ ಹೋಗಿ ಚಾವಣಿಯ ರೆಕ್ಸಿನ್ ಹೊದಿಕೆಯ ಕ್ಲಿಪ್ಪುಗಳನ್ನು ಕಳಚಿದ. ನಾನು ಟಾಪಿನ ಮೇಲೆ ನೀರು ಬಿಟ್ಟೆ. ಸ್ಪಾಟ್‌ಲೈಟಿನ ಬುಡದಲ್ಲಿ ಸಿಲ್ವಿಯೋ ವರ್ಷವರ್ಷವೂ ಮೆತ್ತಿದ ಬಿಳಿ ಸಿಲಿಕೋನು ಕೋಳಿ ಹಿಕ್ಕೆಯಂತೆ ಗುಪ್ಪೆಗುಪ್ಪೆಯಾಗಿ ನಿಂತಿತ್ತು. ಸೋರದ ತೂತಿಗೆ ಇಷ್ಟು ಗೋಂದು ಯಾಕಪ್ಪ ಎಂದು ಯಾವತ್ತಾದರೂ ಕೇಳಿದ್ದರೆ, “ಸೊಗಸಿಗೆ,” ಎನ್ನುತ್ತಿದ್ದ.

ಒಳಗಿನಿಂದ ತಟ್ಟುವ ಸದ್ದು ಬರಲಿಲ್ಲ.  ಆಮೇಲೆ ಡೆಸಿ ಕೂಗಿದ, “ನೋಲೀನ್, ನೀರು ನಿಲ್ಸು. ಒಳಗೆ ಬಾ.”

ಹೋದೆ. ಬರಿ ತಗಡು ಕಾಣುತ್ತಿತ್ತು. ನಡುವೆ ಸ್ಪಾಟ್‌ಲೈಟಿನ ನಾಲ್ಕು ಬೋಲ್ಟುಗಳು. ಸುತ್ತ ತಗಡು ತುಕ್ಕು ಹಿಡಿದು ಬಿಸ್ಕತ್ತಿನಂತಾಗಿತ್ತು. ನೀರು ಅಲ್ಲಿಂದಲೇ ಇಳಿಯುತ್ತಿತ್ತು. ಆದರೆ ಕೆಳಗೆ ಬೀಳುತ್ತಿರಲಿಲ್ಲ. ಬೋಲ್ಟುಗಳ ಕೆಳಗೆ ಒಂದು ತಗಡಿನ ಕಾಲುವೆ ಇತ್ತು. ಬೆರಳಗಲ, ಎರಡೂ ಅಂಚು ಮಡಚಿದ್ದು, ಮೂಲೆಗಳಿಗೆ ಬೆಸುಗೆ ಹಾಕಿದ್ದು. ಡ್ರೈವರ್ ಸೀಟಿನ ಕಡೆಯ ತುದಿಗೆ ಮುಚ್ಚಳ. ನನ್ನ ಸೀಟಿನ ಕಡೆಗೆ ಹದವಾದ ಇಳಿಜಾರು. ನಯವಾಗಿ ಸವರಿದ ಹಳೆಯ ಬೆಸುಗೆ, ಒಂದು ತೊಟ್ಟು ಅತ್ತಿತ್ತ ಹೋಗದಂಥ ಕೆಲಸ.

“ಎಂಥಾ ಕೈಕೆಲಸ ನೋಡು,” ಎಂದ ಡೆಸಿ. ಕಸುಬಿನವನಲ್ಲವೇ, ಮೊದಲು ಬಾಯಿಗೆ ಬಂದದ್ದು ಅದು. ಆಮೇಲೆ ಅವನಿಗೆ ಅರ್ಥವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಎನ್ನುತ್ತಾರೆ. ಇಲ್ಲಿ ಒರೆಸುವುದಕ್ಕೇ ಒಂದು ಕಾಲುವೆ ತೋಡಿದ್ದ ನನ್ನ ಗಂಡ. ತೂತು ಮುಚ್ಚಬೇಕಾದರೆ ಸ್ಪಾಟ್‌ಲೈಟು ಕಳಚಬೇಕು, ಕಳಚಿದರೆ ಊರಿಗೆ ಗೊತ್ತಾಗುತ್ತದೆ, ಡೆಸಿ ಗೆದ್ದಂತೆ. ಅದರ ಬದಲು ಹೆಂಡತಿಯ ಮೇಲೆ ಸುರಿದರೆ ಯಾರಿಗೆ ನಷ್ಟ?

“ಯಾವಾಗ ಮಾಡಿರ್ಬಹುದು ಇದನ್ನ?” ಎಂದು ಕೇಳಿದೆ.

ಡೆಸಿ ಬೆಸುಗೆಯ ಮೇಲೆ ಉಗುರಾಡಿಸಿದ. “ಹಳೇದು ನೋಲೀನ್. ಲೈಟು ಹಾಕಿದ ವರ್ಷಾನೋ, ಮಾರನೇ ವರ್ಷಾನೋ.”

ಹಾಗಾದರೆ ತೊಂಬತ್ತರ ಫೆಬ್ರವರಿಯಲ್ಲಿ ಅದು ಅಲ್ಲಿತ್ತು. ರೊಸೆಟ್ಟಾಗೆ ಆಗ ಒಂಬತ್ತು ತಿಂಗಳು. ಉಸಿರು ಕಟ್ಟುವ ಕೆಮ್ಮು, ತುಟಿ ನೀಲಿ. ಸುರಿಯುವ ಮಳೆಯಲ್ಲಿ ಆಸ್ಪತ್ರೆಗೆ ಹೊರಟೆವು. ಮಗು ನನ್ನ ತೊಡೆಯ ಮೇಲೆ, ಧಾರೆ ಮಗುವಿನ ಮೇಲೆ. ನಾನು ಬಗ್ಗಿ ಬೆನ್ನು ಕೊಟ್ಟೆ, ಐವತ್ತು ಕಿಲೋಮೀಟರ್ ಹಾಗೇ ಬಗ್ಗಿ ಕೂತೆ. ಬೆನ್ನಿನ ಮೇಲಿನಿಂದ ಜಾರಿದ ನೀರು ಮಗುವಿನ ಕುತ್ತಿಗೆಗೇ ಹೋಗುತ್ತಿತ್ತು. “ಅತ್ತ ಕಡೆ ಬರ್ತೀನಿ, ಸ್ವಲ್ಪ ಸರಿ ಸಿಲ್ವಿಯೋ,” ಎಂದು ಬೇಡಿಕೊಂಡಿದ್ದೆ. “ಬಾಯಿ ಮುಚ್ಚು, ಕಿರುಚಿದಷ್ಟೂ ಉಸಿರು ಜಾಸ್ತಿ,” ಎಂದಿದ್ದ. ಮಗು ಬದುಕಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿತು.

ಗಾಡಿಯ ಬಾಗಿಲು ತೆರೆದೇ ಇತ್ತು. ಜಗಲಿಯಿಂದ ಸಿಲ್ವಿಯೋ ನನ್ನನ್ನೇ ನೋಡುತ್ತಿದ್ದ. ಕುರ್ಚಿ ಬಡಿಯುವುದನ್ನು ನಿಲ್ಲಿಸಿದ್ದ. ನನಗೆ ಗೊತ್ತಾಯಿತೆಂದು ಅವನಿಗೂ ಗೊತ್ತಾಯಿತು. ಕಣ್ಣು ತಗ್ಗಿಸುತ್ತಾನೆ ಎಂದುಕೊಂಡೆ. ತಗ್ಗಿಸಲಿಲ್ಲ ಆ ಮನುಷ್ಯ! ಸಿಕ್ಕಿಬಿದ್ದ ಕಳ್ಳನಾದರೂ ಒಂದು ಸಲ ನೆಲ ನೋಡುತ್ತಾನೆ. ಆಗ ನನಗೆ ಮೈಯೆಲ್ಲ ಉರಿದುಹೋಯಿತು.

“ಅರ್ಧ ದಿನದ ಕೆಲಸ ಅಷ್ಟೇ,” ಎನ್ನುತ್ತಿದ್ದ ಡೆಸಿ. “ಈ ಸಿಲಿಕೋನು ಒಳಗೇ ನೀರು ಹಿಡ್ಕೊಂಡು ತಗಡು ತಿಂದಿದೆ. ಬೋಲ್ಟು ಕತ್ತರಿಸಿ, ತುಕ್ಕೆಲ್ಲ ಉಜ್ಜಿ, ಮೇಲೊಂದು ತಗಡಿನ ತೇಪೆ ಹಾಕಿ, ಸೀಲು ಬಳಿದು ಬಣ್ಣ ಹೊಡೆದ್ರೆ ಮುಗೀತು. ನಾಳೆ ಬೆಳಿಗ್ಗೆ—”

“ಬೇಡ,” ಎಂದೆ.

“ಏನು ಬೇಡ?”

“ಕಾಲುವೆ ಅಲ್ಲೇ ಇರ್ಲಿ. ಹೊದಿಕೆ ವಾಪಸ್ ಹಾಕು.”

“ನೋಲೀನ್, ಅವನ ಎದೆ ಸರಿಯಿಲ್ಲ ಅಂತ ನೀನೇ ಹೇಳ್ದೆ.”

“ನನಗೆ ಎದೆ ಇರ್ಲಿಲ್ವ? ನನ್ನ ಮಗಳಿಗೆ ಇರ್ಲಿಲ್ವ?”

ಡೆಸಿ ಟೋಪಿಯನ್ನು ತಲೆಗೆ ಹಾಕಿಕೊಂಡ. ಆಮೇಲೆ ಕ್ಲಿಪ್ಪುಗಳನ್ನು ಒಂದೊಂದಾಗಿ ಹಾಕಿದ. ಅವನೂ ಆ ಪಬ್ಬಿನಲ್ಲಿ ‘ಬಾಯಿ ಮುಚ್ಚಿದ್ಯಾ’ ಎಂದು ನಕ್ಕವನೇ. ಅದಕ್ಕೇ ಇರಬೇಕು, ನನ್ನನ್ನು ತಡೆಯಲಿಲ್ಲ.

ನಾನು ಜಗಲಿಗೆ ಹೋಗಿ ಸಿಲ್ವಿಯೋನ ಮುಂದೆ ಮಂಡಿಯೂರಿ ಕೂತೆ. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದೆ. “ನೋಡು. ‘ಸೋರುತ್ತೆ’ ಅನ್ನು. ಒಂದೇ ಮಾತು. ನನ್ನ ಕಡೆ ನೋಡ್ಕೊಂಡು ಅನ್ನು. ಆ ಕ್ಷಣಕ್ಕೆ ಡೆಸಿ ರಿಪೇರಿ ಶುರು ಮಾಡ್ತಾನೆ. ಅನ್ನದೆ ಇದ್ರೆ ನೀನು ಅದರ ಕೆಳಗೇ ಕೂತ್ಕೋತೀಯ.”

ಅವನ ಬಾಯಿ ಆ ಕಡೆ ಈ ಕಡೆ ಎಳೆಯಿತು. ಜೊಲ್ಲು ಇಳಿಯಿತು. ಒರೆಸಿದೆ.

“ಸೋ...” ಎಂದ. ನಾನು ಇನ್ನಷ್ಟು ಹತ್ತಿರ ಬಗ್ಗಿದೆ. “ಸೋರಲ್ಲ.”

ಸರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದ ಮೇಲೆ ಆ ಮೊಲವನ್ನು ಅವನೇ ಹೊತ್ತುಕೊಳ್ಳಲಿ.

ಮೊದಲ ಮಂಗಳವಾರ ಹಳ್ಳದ ಸೇತುವೆ ಮುಗಿಯುವುದರೊಳಗೆ ಧಾರೆ ಶುರುವಾಯಿತು. ಅವನ ಎಡ ಹೆಗಲಿಗೆ ಬಿತ್ತು. ಬೆಚ್ಚಿ ಮೇಲೆ ನೋಡಿದ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ತನ್ನ ಕೈಕೆಲಸದ ರುಚಿ ಹತ್ತುತ್ತಿತ್ತು ಅವನಿಗೆ. ನಾನು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದೆ, “ಅದು ನಿನ್ನ ಉಸಿರು ಸಿಲ್ವಿಯೋ. ಬಾಯಿ ಮುಚ್ಕೊಂಡು ಕೂತ್ಕೋ.” ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಮದುವೆಯ ದಿನ ಕೂಡ ನನಗೆ ಅಷ್ಟು ಸುಖವಾಗಿರಲಿಲ್ಲ.

ಒಂದು ಟವೆಲ್ ಕೊಟ್ಟಿದ್ದೆ. ಅವನು ನನಗೆ ಕೊಡುತ್ತಿದ್ದುದೂ ಅದನ್ನೇ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಬ್ರಿಯೋನಿ. ಇವನ ಒದ್ದೆ ಅಂಗಿ ನೋಡಿ, “ಅಯ್ಯೋ, ಮಿಸ್ಟರ್ ಜಪ್ಪಾಲಾ, ಈಜಿಕೊಂಡು ಬಂದ್ರಾ?” ಎಂದಳು. ತಾನೇ ಆಸ್ಪತ್ರೆಯ ನಿಲುವಂಗಿ ತಂದು ಹಾಕಿಸಿದಳು. ಪ್ರತಿ ಸಲವೂ ತನ್ನ ಕಾಗದದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು. ಮೂರು ವಾರದಲ್ಲಿ ಅವನಿಗೆ ‘ನೀರು ಕೊಡು’, ‘ಸಾಕು’, ‘ಕಾಲು ನೋವು’ ಎಲ್ಲ ಬಂತು. ನನ್ನ ಹೆಸರೂ ಬಂತು. ಬ್ರಿಯೋನಿ ಕೈ ತಟ್ಟಿದಳು. “ಬಹಳ ಜಾಣ ನಿಮ್ಮ ಯಜಮಾನ್ರು! ಮನಸ್ಸು ಮಾಡಿದ್ರೆ ಏನು ಬೇಕಾದ್ರೂ ಹೇಳ್ತಾರೆ.”

“ಗೊತ್ತು ಕಣಮ್ಮ,” ಎಂದೆ.

ವಾಪಸ್ ಬರುವಾಗಲೂ ಮಳೆ. ದಾರಿಯುದ್ದಕ್ಕೂ ಕೇಳುತ್ತಿದ್ದೆ. “ಸೋರುತ್ತಾ?” “ಇಲ್ಲ.” “ಸೋರುತ್ತಾ ಸಿಲ್ವಿಯೋ?” “ಇಲ್ಲ.” ಅವನ ಹುಬ್ಬಿನಿಂದ, ಮೂಗಿನಿಂದ, ಗಲ್ಲದಿಂದ ನೀರು ಇಳಿಯುತ್ತಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು.

ಐದನೇ ವಾರದ ಶುಕ್ರವಾರದ ಮಳೆ ಹೇಳತೀರದು. ವೈಪರು ಎಷ್ಟು ಬಡಿದುಕೊಂಡರೂ ದಾರಿ ಕಾಣದು. ಸಿಲ್ವಿಯೋನ ಎಡ ಭಾಗ ಪೂರ್ತಿ ತೊಯ್ದು, ಹಲ್ಲು ಕಟಕಟ ಎನ್ನುವುದು ಎಂಜಿನ್ ಸದ್ದಿನ ಮೇಲೂ ಕೇಳಿಸುತ್ತಿತ್ತು. ವಾಪಸ್ ಬರುವಾಗ ದಾರಿಯ ಮಧ್ಯದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ಒಳಗಿನಿಂದ ಬಿಸಿ ಟೀ ತಂದು, ಡಾಕ್ಟರು ಹೇಳಿದಂತೆ ನೆತ್ತಿಗೆ ಹತ್ತದಿರಲೆಂದು ಪುಡಿ ಬೆರೆಸಿ ಗಟ್ಟಿ ಮಾಡಿ, ಚಮಚದಲ್ಲಿ ಕುಡಿಸಿದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬೆರಳು ಮಂಜುಗಡ್ಡೆ. ನಿಜ ಹೇಳುತ್ತೇನೆ, ಆಗ ನನ್ನ ಕೈಲಿ ಆಗಲಿಲ್ಲ. ಸಾಕು, ಹಾಳಾಗಿ ಹೋಗಲಿ, ಡೆಸಿಗೆ ಇಲ್ಲಿಂದಲೇ ಫೋನ್ ಮಾಡಿಬಿಡೋಣ ಎಂದುಕೊಂಡೆ. ಫೋನು ಕೈಗೆ ತೆಗೆದುಕೊಂಡೂ ಆಗಿತ್ತು.

ಅಷ್ಟರಲ್ಲಿ ಪಬ್ಬಿನ ಮೂವರು ಬಂಕಿನಿಂದ ಹೊರಗೆ ಬಂದರು. ಒಬ್ಬ ಕಿಟಕಿಗೆ ಬಗ್ಗಿದ. “ಏನ್ ಗುರು ಸಿಲ್ವಿಯೋ, ಇದೇನು ಒದ್ದೆಮುದ್ದೆ? ಕೊನೆಗೂ ಸೋರ್ತಾ ನಿನ್ನ ಗಾಡಿ?”

ಸಿಲ್ವಿಯೋ ತಲೆಯೆತ್ತಿದ. ಅರ್ಧ ಮುಖದಲ್ಲಿ ನಗು ತಂದುಕೊಂಡ. “ಸೋರಲ್ಲ,” ಎಂದ, ಗಟ್ಟಿಯಾಗಿ. ಆಮೇಲೆ ನನ್ನ ಕಡೆ ಬೆರಳು ತೋರಿಸಿದ. “ನೋಲೀನ್.” ತುಟಿ ಉಬ್ಬಿಸಿ ಉಸಿರು ಊದಿ ತೋರಿಸಿದ.

ಮೂವರೂ ಬಿದ್ದು ಬಿದ್ದು ನಕ್ಕರು. “ಭೇಷ್! ಲಕ್ವ ಹೊಡೆದ್ರೂ ತಮಾಷೆ ಹೋಗಿಲ್ಲ ನಮ್ ಹುಡುಗಂದು.” ಹೋಗುವಾಗ ಇನ್ನೊಬ್ಬ ನನಗೆ ತಗ್ಗಿದ ದನಿಯಲ್ಲಿ ಹೇಳಿದ, “ಒಂದು ಒಣಗಿದ ಶರ್ಟಾದ್ರೂ ಹಾಕ್ಬಾರ್ದಾ ನೋಲೀನ್, ಪಾಪ.”

ಪಾಪವಂತೆ! ಫೋನು ಚೀಲಕ್ಕೆ ಹಾಕಿದೆ. ಉಳಿದ ಟೀಯನ್ನು ಕಿಟಕಿಯಿಂದ ಚೆಲ್ಲಿ ಗಾಡಿ ಬಿಟ್ಟೆ. ಮನೆ ಮುಟ್ಟುವ ತನಕ ‘ಸೋರುತ್ತಾ’ ಎಂದು ಕೇಳಲೂ ಇಲ್ಲ. ನೀರು ಮಾತ್ರ ಬೀಳುತ್ತಿತ್ತು.

ಭಾನುವಾರ ಬೆಳಿಗ್ಗೆ ಅವನ ಮೈ ಕೆಂಡವಾಗಿತ್ತು. ಉಸಿರಿನಲ್ಲಿ ಗೊರಗೊರ. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಮರ್ಡೋ ಹಳ್ಳ ಸೇತುವೆಯ ಮೇಲೆ ಹರಿಯುತ್ತಿದೆ, ಹೆಲಿಕಾಪ್ಟರಿಗೆ ಮೋಡ ಬಿಡುತ್ತಿಲ್ಲ, ಕಾಯಿರಿ ಎಂದರು. ಕಾಯಲಿಲ್ಲ. ಶೆಡ್ಡಿನಿಂದ ಟಾರ್ಪಾಲು ಎಳೆದು ತಂದು ಗಾಡಿಯ ಟಾಪಿಗೆ ಹೊದಿಸಿ, ಮುಂದಿನ ಹಿಂದಿನ ಬಂಪರಿಗೆ ಹಗ್ಗ ಎಳೆದು ಬಿಗಿದೆ. ಹತ್ತು ನಿಮಿಷ ಹಿಡಿಯಿತು. ಅವನನ್ನು ಎರಡು ಕಂಬಳಿಯಲ್ಲಿ ಸುತ್ತಿ ಎತ್ತಿ ಕೂರಿಸಿದೆ. ಬಾನೆಟ್ಟಿನ ಮೇಲೆ ನೀರು ಏರುವಷ್ಟು ಹಳ್ಳ ತುಂಬಿತ್ತು. ಹೇಗೆ ದಾಟಿದೆನೋ ದೇವರಿಗೇ ಗೊತ್ತು. ದಾರಿಯುದ್ದಕ್ಕೂ ಅವನ ಮೇಲೆ ಒಂದು ಹನಿ ಬೀಳಲಿಲ್ಲ. ಹತ್ತು ನಿಮಿಷದ ಕೆಲಸ! ಇದು ನನಗೆ ಮೊದಲೇ ಹೊಳೆಯಬಾರದಿತ್ತೇ ಎಂದು ಅಳುತ್ತ ಓಡಿಸಿದೆ. ಅವನಿಗೂ ಹೊಳೆದಿರಲಿಲ್ಲ, ಅವನ ಪಕ್ಕದಲ್ಲಿ ನಾನು ನೆನೆಯುತ್ತಿದ್ದ ಅಷ್ಟೂ ವರ್ಷ.

ನ್ಯುಮೋನಿಯ ಎಂದರು. ಎರಡೂ ಕಡೆ. ಮೂಗಿಗೆ ಕೊಳವೆ ಹಾಕಿದರು. ಡಾಕ್ಟರಮ್ಮ ಮಂಚದ ಕಾಲ ಬಳಿ ನಿಂತು ಬ್ರಿಯೋನಿಯ ಕಾಗದಗಳನ್ನು ತಿರುವಿ ಹಾಕಿದರು. ತಿರುವಿದಷ್ಟೂ ಅವರ ಮುಖ ಬಿಗಿಯಿತು.

“ಹತ್ತು ಸಲ ಬಂದಿದ್ದಾರೆ ಇಲ್ಲಿಗೆ. ಎಂಟು ಸಲ ಒದ್ದೆ ಬಟ್ಟೇಲಿ ಬಂದ್ರು ಅಂತ ಬರೆದಿದೆ. ಒದ್ದೆ ಅಂದ್ರೆ ತೊಪ್ಪೆ.” ಕಾಗದದಿಂದ ತಲೆಯೆತ್ತಿ ನನ್ನನ್ನು ನೋಡಿದರು. “ಬೆಚ್ಚಗೆ ಇಟ್ಕೊಳ್ಳಿ ಅಂತ ನಾನೇ ನಿಮಗೆ ಹೇಳಿದ್ದೆ. ಅಲ್ವ? ಯಾರು ಇವರನ್ನ ಹೀಗೆ ನೆನೆಯೋಕೆ ಬಿಟ್ಟದ್ದು?”

ನರ್ಸು ಡ್ರಿಪ್ಪು ಹಾಕುತ್ತಿದ್ದವಳು ನಿಲ್ಲಿಸಿದಳು. ಪಕ್ಕದ ಮಂಚದವರು ತಿರುಗಿದರು.  ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಟಾಪು ಸೋರುತ್ತದೆ, ನನಗೆ ಗೊತ್ತಿತ್ತು, ಬೇಕೆಂದೇ ಬಿಟ್ಟೆ.

“ಕಿಟಕಿ,” ಎಂದ ಸಿಲ್ವಿಯೋ.

ಎಲ್ಲರೂ ಅವನ ಕಡೆ ತಿರುಗಿದರು. ಕೊಳವೆಯ ಹಿಂದಿನಿಂದ ಒಂದೊಂದೇ ಮಾತನ್ನು ಬಾವಿಯಿಂದ ಎಳೆದಂತೆ ಎಳೆದ. ಎಡಗೈ ಎತ್ತಿ ಗಾಜು ಇಳಿಸುವ ಹಿಡಿ ತಿರುಗಿಸುವಂತೆ ಮಾಡಿ ತೋರಿಸಿದ. “ಕಿಟಕಿ... ನಾನೇ... ತೆಗ್ದೆ. ಸೆಖೆ.”

ಡಾಕ್ಟರಮ್ಮ ಉಸಿರು ಬಿಟ್ಟರು. “ಏನ್ರೀ ಇದು ಮಿಸ್ಟರ್ ಜಪ್ಪಾಲಾ! ಮಳೇಲಿ ಕಿಟಕಿ ತೆಗೆಯೋದಾ? ಚಿಕ್ಕ ಮಕ್ಕಳ ಥರ? ಪಾಪ ಇವರು ಗಾಡಿ ಓಡಿಸ್ಬೇಕಾ, ನಿಮ್ಮನ್ನ ಕಾಯ್ಬೇಕಾ?” ನನ್ನ ಹೆಗಲ ಮೇಲೆ ಕೈಯಿಟ್ಟರು. “ಕ್ಷಮಿಸಿ. ನಿಮ್ಮನ್ನ ಹಾಗೆ ಕೇಳ್ಬಾರ್ದಿತ್ತು.”

ನಾನು ತೆರೆದ ಬಾಯಿ ಮುಚ್ಚಿದೆ. ಇಲ್ಲ, ಅವನು ಕಿಟಕಿ ತೆಗೆಯಲಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಸಿಲ್ವಿಯೋ ನನ್ನನ್ನೇ ನೋಡುತ್ತಿದ್ದ. ಅದು ಜಗಲಿಯಲ್ಲಿ ನೋಡಿದ ನೋಟವೋ ಬೇರೆಯೋ ತಿಳಿಯಲಿಲ್ಲ. ಅವರೆಲ್ಲ ಹೋದ ಮೇಲೆ ಅವನ ಕಿವಿಗೆ ಬಗ್ಗಿ ಕೇಳಿದೆ, “ಯಾಕೋ ಹಾಗಂದೆ?” ಅವನು ಕಣ್ಣು ಮುಚ್ಚಿದ್ದ. ಸೋಮವಾರ ಕೇಳಿದೆ. ಮಂಗಳವಾರ ಕೇಳಿದೆ. ಬುಧವಾರ ಮಧ್ಯಾಹ್ನ ಹೋಗಿಬಿಟ್ಟ.

ಮಣ್ಣು ಮಾಡಿ ಬಂದ ಮಾರನೇ ವಾರ ಡೆಸಿ ನಾನು ಕರೆಯದೆಯೇ ಬಂದ. ಬೆಳಿಗ್ಗೆ ಎಂಟಕ್ಕೆ ಬೋಲ್ಟು ಕತ್ತರಿಸಲು ಹತ್ತಿದವನು, ಊಟದ ಹೊತ್ತಿಗೆ ತೇಪೆ ಹಾಕಿ, ಸೀಲು ಬಳಿದು, ಬಣ್ಣವನ್ನೂ ಹೊಡೆದು ಕೆಳಗಿಳಿದ. ಕಾಲುವೆಯನ್ನು ಕಿತ್ತು ನನ್ನ ಕೈಗೆ ಕೊಟ್ಟ. ನಾನು ಅದನ್ನು ಕಬ್ಬಿನ ಗದ್ದೆಗೆ ಎಸೆದೆ.

ಜಗಲಿಯಲ್ಲಿ ಕೂತು ಬ್ರೆಡ್ಡು, ತಣ್ಣನೆ ಮಾಂಸ ತಿನ್ನುವಾಗ ಅವನಿಗೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದೆ. ಬೇರೆ ಯಾರಿಗೂ ಹೇಳಿರಲಿಲ್ಲ, ರೊಸೆಟ್ಟಾಗೂ ಹೇಳಿರಲಿಲ್ಲ. ಡೆಸಿ ತಿನ್ನುವುದನ್ನು ನಿಲ್ಲಿಸಿದ.

“ನಿನ್ನನ್ನ ಕಾಪಾಡ್ದ ಮಾರಾಯ್ತಿ,” ಎಂದ. “ಅವನು ಸುಮ್ನಿದ್ದಿದ್ರೆ ಪೊಲೀಸರು ಬರ್ತಿದ್ರು.”

“ಗಾಡಿಯನ್ನ ಕಾಪಾಡ್ದ,” ಎಂದೆ. “ಟಾಪು ಸೋರುತ್ತೆ ಅಂತ ಗೊತ್ತಾಗ್ಬಾರ್ದು ಅಂತ ಕಿಟಕಿ ಅಂದ. ಅಷ್ಟೇ.”

“ಸಾಯೋ ಹೊತ್ತಲ್ಲಿ ಯಾರಾದ್ರೂ ಗಾಡಿ ಬಗ್ಗೆ ಯೋಚ್ನೆ ಮಾಡ್ತಾರಾ ನೋಲೀನ್?”

“ನಿನಗೆ ಸಿಲ್ವಿಯೋ ಗೊತ್ತಿಲ್ಲ.”

ಡೆಸಿ ತಟ್ಟೆ ಬದಿಗಿಟ್ಟು ಎದ್ದ. ಪೆಟ್ಟಿಗೆ ಎತ್ತಿಕೊಂಡು ಹೋದ.

ಈಗಲೂ ನಾನು ಹಾಗೇ ಹೇಳುತ್ತೇನೆ, ಯಾರೂ ಕೇಳದಿದ್ದರೂ ಗಾಡಿ ಓಡಿಸುತ್ತಾ ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. ಅವನು ಗಾಡಿಗಾಗಿಯೇ ಆ ಸುಳ್ಳು ಹೇಳಿದ್ದು. ಹಾಗಲ್ಲ ಎಂದಾದರೆ ನಾನು ಏನು ಮಾಡಿದೆ ಎಂದಾಗುತ್ತದೆ? ಹಾಗಲ್ಲ ಎಂದಾದರೆ ನಾನು ಬದುಕುವುದು ಹೇಗೆ?